ಕೈಯಲ್ಲಿದ್ದಾಗ ಕಾಳು, ಗೇಟು ದಾಟಿದರೆ ಪ್ರೋಟೀನು

ಸೋಯಾ ರಾಶಿಯ ದಿನಗಳಲ್ಲಿ ಮಹಾರಾಷ್ಟ್ರದ ಉದಗೀರದ ಅಡತಿ ಅಂಗಡಿಯ ಮುಂದೆ ನಿಂತು ‘ಇದರಾಗ ಪ್ರೋಟೀನ್ ಎಷ್ಟೈತ್ರೀ?’ ಎಂದು ಕೇಳಿ ನೋಡಿ. ಜಿಮ್ಮು ಮುಂದಿನ ಓಣಿಯಲ್ಲಿದೆ ಎಂದು ಕೈ ತೋರಿಸಿಯಾರು. ಅಲ್ಲಿ ನಡೆಯುವ ಮಾತು ಒಂದೇ: ಓಲಾವಾ, ಅಂದರೆ ತೇವ, ಎಷ್ಟು? ಮೀಟರಿನ ಬಟ್ಟಲಿಗೆ ಒಂದು ಹಿಡಿ ಕಾಳು ಸುರಿಯುತ್ತಾರೆ. ಅಂಕಿ 12 ದಾಟಿತೋ, ಮಾತು ಮುಗಿಯಿತು. ಹಮೀಭಾವದ, ಅಂದರೆ ಸರ್ಕಾರದ ಬೆಂಬಲ ಬೆಲೆಯ, ಖರೀದಿಗೆ ತೇವಾಂಶ ಶೇ. 12, ಕಸಕಡ್ಡಿ ಶೇ. 2. ಮುರುಟಿದ್ದು, ಹುಳ ತಿಂದದ್ದು, ಯಂತ್ರಕ್ಕೆ ಸಿಕ್ಕು ಒಡೆದದ್ದು, ಎಲ್ಲಕ್ಕೂ ಲೆಕ್ಕವಿದೆ. ಕಾಳಿನ ಶೇ. 36ರಿಂದ 40 ಭಾಗ ತಾನೇ ಆಗಿರುವ ಪ್ರೋಟೀನಿಗೆ ಮಾತ್ರ ಆ ಪಟ್ಟಿಯಲ್ಲಿ ಜಾಗವಿಲ್ಲ. ಇಂದೋರಿನ ವಿಜ್ಞಾನಿಗಳು ವರ್ಷಗಟ್ಟಲೆ ಕೂತು, ಪ್ರೋಟೀನ್ ಜೀರ್ಣವಾಗಲು ಅಡ್ಡಿಮಾಡುವ ಕುನಿಟ್ಜ್ ಟ್ರಿಪ್ಸಿನ್ ಪ್ರತಿರೋಧಕವೇ ಇಲ್ಲದ ಎನ್‌ಆರ್‌ಸಿ 127 ತಳಿ ತಂದರು. ಅಡತಿಯಲ್ಲಿ ಅದಕ್ಕೂ ಹಳೆಯ ತಳಿ ಜೆಎಸ್ 335ಕ್ಕೂ ಒಂದೇ ರಾಶಿ, ಒಂದೇ ಕೂಗು.

ಅದೇ ಕಾಳು ಎಣ್ಣೆ ಗಿರಣಿಯ ಗೇಟು ದಾಟಲಿ, ಮೈಮೇಲೆ ದೇವರು ಬಂದಂತೆ ಪ್ರೋಟೀನು ಬರುತ್ತದೆ. ಎಣ್ಣೆ ತೆಗೆದು ಉಳಿದ ಹಿಂಡಿ, ಅಂದರೆ ಡಿಓಸಿ, ಪ್ರೋಟೀನು ಶೇ. 46ರದೋ 48ರದೋ ಎಂಬುದರ ಮೇಲೇ ದರ. ಬೇಯಿಸಿದ್ದು ಸಾಲದೇ ಹೋಯಿತೇ ಎಂದು ತಿಳಿಯಲು ಯೂರಿಯೇಸ್ ಪರೀಕ್ಷೆ. ಬೆಂದದ್ದು ಹೆಚ್ಚಾಗಿ ಲೈಸಿನ್ ಎಂಬ ಅಮೈನೋ ಆಮ್ಲ ಕೆಟ್ಟಿತೇ ಎಂದು ತಿಳಿಯಲು ಪೊಟ್ಯಾಶಿಯಂ ಹೈಡ್ರಾಕ್ಸೈಡಿನಲ್ಲಿ ಕರಗಿಸಿ ಇನ್ನೊಂದು ಪರೀಕ್ಷೆ. ಸೋಯಾದಲ್ಲಿ ಮಿಥಿಯೋನಿನ್ ಎಂಬ ಗಂಧಕದ ಅಮೈನೋ ಆಮ್ಲ ಕಮ್ಮಿ, ಕೋಳಿಗೆ ಅದು ಬೇಕು. ಆದ್ದರಿಂದ ಗ್ರಾಂ ಲೆಕ್ಕದಲ್ಲಿ ತೂಗಿ ಬೆರೆಸುತ್ತಾರೆ. ಬ್ರಾಯ್ಲರ್ ಕೋಳಿ ಪುಣ್ಯ ಮಾಡಿದೆ. ಬದುಕುವುದು ಆರು ವಾರವಾದರೂ ಅಮೈನೋ ಆಮ್ಲದ ಸಮತೋಲನದಲ್ಲಿ ಬದುಕುತ್ತದೆ.

ಇನ್ನು ಪ್ಯಾಕೆಟ್ಟಿನ ಮೇಲಿನ ಅಂಕಿ. ಸಾಮಾನ್ಯವಾಗಿ ಅಳೆಯುವುದು ಪ್ರೋಟೀನನ್ನಲ್ಲ, ಸಾರಜನಕವನ್ನು. 1883ರಲ್ಲಿ ಡೆನ್ಮಾರ್ಕಿನ ಬಿಯರ್ ಕಾರ್ಖಾನೆಯ ಪ್ರಯೋಗಾಲಯದಲ್ಲಿ ಕೆಲ್ಡಾಲ್ ಎಂಬಾತ ಹಾಕಿಕೊಟ್ಟ ದಾರಿ: ಗಂಧಕಾಮ್ಲದಲ್ಲಿ ಕುದಿಸು, ಸಾರಜನಕ ಎಣಿಸು, 6.25ರಿಂದ ಗುಣಿಸು. ಈ ಲೆಕ್ಕ ಹಿಡಿದರೆ ಶೇ. 46 ಸಾರಜನಕದ ಯೂರಿಯಾ ಚೀಲದಲ್ಲಿ ಪ್ರೋಟೀನು ಶೇ. 287! ಡಬ್ಬಿಗೆ ತುಂಬಿ, ಚಾಕೊಲೇಟ್ ವಾಸನೆ ಹಾಕಿ, ತೋಳು ಉಬ್ಬಿಸಿದವನ ಚಿತ್ರ ಅಂಟಿಸುವುದೊಂದು ಬಾಕಿ. ನಗುವ ಮಾತೂ ಅಲ್ಲ. 2008ರಲ್ಲಿ ಚೀನಾದಲ್ಲಿ ನೀರು ಹಾಲಿಗೆ ಸಾರಜನಕ ತುಂಬಿದ ಮೆಲಮೈನ್ ರಾಸಾಯನಿಕ ಬೆರೆಸಿ ಇದೇ ಪರೀಕ್ಷೆ ಪಾಸು ಮಾಡಿಸಿದರು. ಕೂಸುಗಳ ಮೂತ್ರಪಿಂಡ ಹೋದವು. ಗ್ಲೈಸಿನ್ ಎಂಬ ಅಗ್ಗದ ಅಮೈನೋ ಆಮ್ಲ ಸೇರಿಸಿ ಅಂಕಿ ಏರಿಸುವ ಪೌಡರಿನವರದೂ ಅದೇ ವಿದ್ಯೆ, ವಿಷವಿಲ್ಲ ಅನ್ನುವುದೊಂದೇ ಸಮಾಧಾನ.

ಜೋಳದ ರೊಟ್ಟಿಯ ಸೀಮೆಗೆ ಸೋಯಾ ನಿಜಕ್ಕೂ ಒಳ್ಳೆಯ ಬೀಗತನ. ಜೋಳದಲ್ಲಿ ಕಮ್ಮಿ ಇರುವ ಲೈಸಿನ್ ಸೋಯಾದಲ್ಲಿ ಧಾರಾಳ. ಸೋಯಾಕ್ಕೆ ಕಮ್ಮಿಬಿದ್ದ ಗಂಧಕದ ಅಮೈನೋ ಆಮ್ಲವನ್ನು ಜೋಳ ತಕ್ಕಮಟ್ಟಿಗೆ ತುಂಬುತ್ತದೆ. ಆದರೆ ಹಸಿ ಕಾಳನ್ನೇ ಗಿರಣಿಗೆ ಒಯ್ದರೆ ಜೀರ್ಣಕ್ಕೆ ಅಡ್ಡಿಮಾಡುವ ಆ ಪ್ರತಿರೋಧಕವೂ ಹಿಟ್ಟಿನಲ್ಲೇ ಬರುತ್ತದೆ, ಹಸಿ ವಾಸನೆಯೂ ಬರುತ್ತದೆ. ಕಾಳನ್ನು ಇಪ್ಪತ್ತು–ಇಪ್ಪತ್ತೈದು ನಿಮಿಷ ಕುದಿಸಿ, ಗರಿಗರಿ ಒಣಗಿಸಿ, ಒಂಬತ್ತು ಪಾಲು ಜೋಳಕ್ಕೆ ಒಂದು ಪಾಲು ಹಾಕಿ ಬೀಸಬೇಕು. ಕುದಿಸಲು ಬೇಸರವೆಂದು ಕಪ್ಪಗೆ ಹುರಿದರೆ ಸೇರಿಸಿದ್ದೇ ಯಾವ ಲೈಸಿನ್ನಿಗಾಗಿಯೋ ಅದು ಹೋಗುತ್ತದೆ. ಇಷ್ಟನ್ನು ಹೇಳುವ ಜಾಹೀರಾತು ಇಲ್ಲ. ಇದರಲ್ಲಿ ಮಾರಲು ಡಬ್ಬಿಯೇ ಇಲ್ಲವಲ್ಲ.

ಮತ್ತೆ ಓಲಾವಾಕ್ಕೆ ಬರೋಣ. ಶೇ. 15 ತೇವದ ಒಂದು ಕ್ವಿಂಟಲ್ ಕಾಳು 12ಕ್ಕೆ ಒಣಗಿದರೆ ಉಳಿಯುವುದು 96.6 ಕಿಲೋ. ಹೋಗುವುದು ನೀರು, ಪ್ರೋಟೀನಲ್ಲ. 2024ರ ಹಮೀಭಾವ ಕ್ವಿಂಟಲಿಗೆ 4,892 ರೂಪಾಯಿ, ಆ 3.4 ಕಿಲೋ ನೀರಿನ ಬೆಲೆ 166 ರೂಪಾಯಿ. ಅಷ್ಟು ಮುರಿದುಕೊಂಡು ಕಾಳು ತಗೊಂಡಿದ್ದರೆ ಆಗುತ್ತಿತ್ತು. ಖರೀದಿ ಕೇಂದ್ರದವರು ತಗೊಳ್ಳಲಿಲ್ಲ. ಗಾಡಿ ತಿರುಗಿಸಿ ಕಳಿಸಿದರು. ರೈತರು ಹೊರಗೆ ನಾಲ್ಕು ಸಾವಿರದ ಆಸುಪಾಸಿಗೆ ಕೊಟ್ಟು ಹೋದರು. ಶೇ. 15ರವರೆಗೆ ನಡೆಯುತ್ತದೆ ಎಂಬ ಕೇಂದ್ರದ ಆದೇಶ ಬಂದದ್ದು ನವೆಂಬರ್ ನಡುವಿಗೆ. ಸಾಲ ತಲೆಯ ಮೇಲಿದ್ದವನ ಕಾಳು ದೀಪಾವಳಿಗೆ ಮೊದಲೇ ಖಾಲಿಯಾಗಿತ್ತು. ಉಳಿಸಿಕೊಂಡಿದ್ದವರು ಗಾಡಿ ಹೂಡಿಕೊಂಡು ಹೋದರು. ಬಾರದಾನ ಇಲ್ಲ, ತುಂಬಲು ಗೋಣಿಚೀಲವೇ ಇಲ್ಲ, ಆಮೇಲೆ ಬರ್ರಿ ಅಂದರು.