ಬೆಕ್ಕಿಗೆ ಹೇಳಿದ ತಪ್ಪು ತಾರೀಖು

‘ಫ್ರೂಟ್ಸ್ ಬಾಸ್ಕೆಟ್’ ಅನ್ನೋ ಅನಿಮೆಯ, ಅಂದರೆ ಜಪಾನಿ ಕಾರ್ಟೂನ್ ಸರಣಿಯ, ಕೊನೆಯ ಸೀಸನ್ ನೋಡೋದಕ್ಕೆ ಬೇಕಾದದ್ದು ಇಂಟರ್ನೆಟ್ಟು, ದೊಡ್ಡದೊಂದು ಕರ್ಚೀಫು ಮತ್ತು ಸರಿಯಾದ ಕಡೆ ಕ್ಲಿಕ್ ಮಾಡುವ ಬುದ್ಧಿ. ಮೊದಲಿನ ಎರಡು ಎಲ್ಲರ ಮನೆಯಲ್ಲೂ ಇರುತ್ತವೆ. ಜನ ಎಡವೋದೇ ಮೂರನೆಯದರಲ್ಲಿ.

ಈ ಹೆಸರಿನ ಅನಿಮೆ ಎರಡಿವೆ. ಎರಡಕ್ಕೂ ಮೂಲವಾದ ನತ್ಸುಕಿ ತಕಾಯಾ ಅವರ ಮಂಗಾ (ಜಪಾನಿ ಚಿತ್ರಕಥೆ) 1998ರಲ್ಲಿ ಶುರುವಾಗಿ 2006ರಲ್ಲಿ, 23 ಸಂಪುಟಕ್ಕೆ ಮುಗಿಯಿತು. ಮೊದಲ ಅನಿಮೆ ಬಂದದ್ದು 2001ರಲ್ಲಿ, ಅಂದರೆ ಕಥೆ ಇನ್ನೂ ನಡೆಯುತ್ತಿದ್ದಾಗಲೇ. ಹಾಗಾಗಿ ಅದು 26 ಕಂತಿಗೆ ಅರ್ಧದಲ್ಲೇ ನಿಂತಿತು. 2019ರಲ್ಲಿ ಮೊದಲಿನಿಂದ ಹೊಸದಾಗಿ ಮಾಡಿದರು: 25, 25, ಕೊನೆಗೆ 2021ರಲ್ಲಿ ‘ದಿ ಫೈನಲ್’ ಅಂತ 13. ಒಟ್ಟು 63. ನೀವು ನೋಡುತ್ತಿರುವ ಸೀಸನ್ನಿನಲ್ಲಿ 26 ಕಂತಿದ್ದರೆ ಹತ್ತಿದ ಬಸ್ಸೇ ಬೇರೆ, ಇಳಿದುಬಿಡಿ.

ಇಷ್ಟು ಸುಲಭದ ಗುರುತು ಇದ್ದರೂ ಜನ ಯಾಕೆ ಮೋಸ ಹೋಗುತ್ತಾರೆ? ತಪ್ಪು ಇಂಗ್ಲಿಷ್ ಡಬ್ಬಿಂಗಿನದು. ಜಪಾನಿ ಭಾಷೆಯಲ್ಲಿ ದನಿ ಕೊಡುವ ಕಲಾವಿದರನ್ನೆಲ್ಲ ಬದಲಾಯಿಸಿದರು. ಇಂಗ್ಲಿಷಿನಲ್ಲಿ ಮಾತ್ರ ನಾಯಕಿ ತೋಹ್ರುವಿಗೆ ಲಾರಾ ಬೇಲಿ, ಮುಖ್ಯ ಹುಡುಗರಿಬ್ಬರಲ್ಲಿ ಕ್ಯೋಗೆ ಜೆರ್ರಿ ಜ್ಯುವೆಲ್, ಯೂಕಿಗೆ ಎರಿಕ್ ವೇಲ್, ಅಷ್ಟು ವರ್ಷದ ಮೇಲೂ ಅವರವರೇ. ಹಳೆಯದನ್ನು ಮುಗಿಸಿದವರು ನೇರ ‘ದಿ ಫೈನಲ್’ಗೆ ಹಾರಿದರೂ ಕಿವಿಗೆ ಅನುಮಾನವೇ ಬರೋದಿಲ್ಲ. ಕಣ್ಣಿಗೆ ಮಾತ್ರ ಹಳೆಯದರಲ್ಲಿ ಇಲ್ಲದ ರಿನ್ ಯಾರು, ಕುರೆನೊ ಯಾರು, ಮಾಚಿ ಎಲ್ಲಿಂದ ಬಂದಳು ಒಂದೂ ತಿಳಿಯೋದಿಲ್ಲ. ಮದುವೆಮನೆಗೆ ನೇರ ಊಟದ ಹೊತ್ತಿಗೆ ಬಂದವರ ಹಾಗೆ, ಎಲ್ಲರನ್ನೂ ನೋಡಿ ಸುಮ್ಮನೆ ನಗುತ್ತ ಕೂರಬೇಕು.

ಎರಡನೆಯ ಗುಂಡಿ ಇನ್ನೂ ಆಳ. ಇದರ ಸಿನಿಮಾ ಒಂದಿದೆ, ಹೆಸರು ‘ಪ್ರಿಲ್ಯೂಡ್’. ಹೆಸರು ನೋಡಿದವರು ಪೀಠಿಕೆ ಇರಬೇಕು ಅಂತ ಭಕ್ತಿಯಿಂದ ಮೊದಲು ಅದನ್ನೇ ಹಚ್ಚುತ್ತಾರೆ. ಅದು ತೆರೆಗೆ ಬಂದದ್ದು 2022ರಲ್ಲಿ, ಸರಣಿ ಪೂರ್ತಿ ಮುಗಿದ ಮೇಲೆ. ಕೊನೆಯ ಸೀಸನ್ನಿಗೆ ಸಿಕ್ಕಿದ್ದು ಹದಿಮೂರೇ ಕಂತು, ತೋಹ್ರುವಿನ ಅಪ್ಪ ಅಮ್ಮನ ಪ್ರೇಮಕಥೆಗೆ ಅದರಲ್ಲಿ ಜಾಗ ಸಾಲಲಿಲ್ಲ, ಸಿನಿಮಾದಲ್ಲಿ ಹೇಳಿದರು. ಅದರ ಶುರುವಿನಲ್ಲಿ ಇಡೀ ಸರಣಿಯ ಸಾರಾಂಶ ಬೇರೆ! ಮೊದಲ ಅರ್ಧ ಗಂಟೆ ದಾಟೋ ಹೊತ್ತಿಗೆ ಇಪ್ಪತ್ತೈದು ಗಂಟೆಯ ಕುತೂಹಲ ನೀರುಪಾಲು. ಸಿನಿಮಾ ಕಡೆಗೇ ಇರಲಿ.

ಇನ್ನು ಕಥೆಯೊಳಗಿನ ಅವಘಡಗಳು. ಸೋಮಾ ಮನೆತನದ ಶಾಪಗ್ರಸ್ತರನ್ನು ಹೊರಗಿನ ಹೆಣ್ಣೋ ಗಂಡೋ, ಒಟ್ಟಿನಲ್ಲಿ ಎದುರು ಲಿಂಗದವರು, ಅಪ್ಪಿದರೆ ಅವರು ತಮ್ಮ ರಾಶಿಯ (ನಮ್ಮ ಮೇಷ, ವೃಷಭ ಅಲ್ಲ; ಚೀನಿ ಪಂಚಾಂಗದ ಇಲಿ, ಮೊಲದಂಥವು) ಪ್ರಾಣಿಯಾಗುತ್ತಾರೆ. ತಮ್ಮತಮ್ಮೊಳಗೆ ಅಪ್ಪಿಕೊಂಡರೆ ಏನೂ ಆಗೋದಿಲ್ಲ. ಮೈಯಲ್ಲಿ ಶಕ್ತಿ ಕುಂದಿದಾಗ ಯಾರೂ ಮುಟ್ಟದೆಯೂ ಬದಲಾಗುವುದುಂಟು. ಪ್ರಾಣಿಯಾಗುವಾಗ ಬಟ್ಟೆ ನೆಲಕ್ಕೆ, ಮನುಷ್ಯರಾಗಿ ಮರಳುವಾಗ ಬಟ್ಟೆ ಅಲ್ಲೇ ನೆಲದ ಮೇಲೆ! ಹಜಾರದ ಟಿವಿಯಲ್ಲಿ ನೋಡುವವರು ರಿಮೋಟನ್ನು ತೊಡೆಯ ಮೇಲಿಟ್ಟುಕೊಂಡಿರುವುದು ಕ್ಷೇಮ. ಸರಿಯಾಗಿ ರೂಪ ಬದಲಾಗುವ ಹೊಗೆ ಏಳುವ ಹೊತ್ತಿಗೇ ಅಡುಗೆಮನೆಯಿಂದ ಅಜ್ಜಿ ಬಂದು “ಯಾರೋ ಈ ಹುಡುಗ, ಅಂಗಿ ಎಲ್ಲೋ ಹೋಯ್ತು?” ಅನ್ನುತ್ತಾರೆ. “ಇಲಿಯಾಗಿದ್ದ ಅಜ್ಜಿ, ಈಗ ಸರಿಹೋದ” ಅನ್ನೋ ಉತ್ತರ ಸತ್ಯವೇ ಆದರೂ ಕೆಲಸಕ್ಕೆ ಬರೋದಿಲ್ಲ. ಡಾಕ್ಟರು ಹತೋರಿಯದು ಡ್ರ್ಯಾಗನ್ ರಾಶಿ. ಆಗುವುದು ಮಾತ್ರ ಅಂಗೈಯಗಲದ ಕಡಲಕುದುರೆ. ಅಜ್ಜಿಗೆ ಅದನ್ನು ವಿವರಿಸೋಕೆ ಹೋಗಲೇಬೇಡಿ.

ಕೊನೆಯ ಸೀಸನ್ನಿನಲ್ಲಿ ಈ ನಗೆ ಕಡಿಮೆ. ಮೊಲವಾಗುವ ಹುಡುಗ ಮೊಮಿಜಿಯ ಶಾಪ ನಡುವೆಯೇ ಕಳಚುತ್ತದೆ, ಯಾರನ್ನು ಅಪ್ಪಿದರೂ ಮೊಲ ಬರೋದಿಲ್ಲ, ಆದರೂ ಹುಡುಗನ ಮುಖದಲ್ಲಿ ಖುಷಿ ಇಲ್ಲ. ಕರ್ಚೀಫಿನ ಕೆಲಸ ಅಲ್ಲಿಂದ. ಅನುಮಾನ ಬಂತು ಅಂತ ಆಗ ಮಾತ್ರ ಗೂಗಲ್ ಕಡೆ ಕೈ ಹಾಕಬಾರದು. ಸೋಮಾ ಮನೆತನದ ಯಜಮಾನಿಕೆ ಇರುವ ಅಕಿತೋ ಹೆಸರನ್ನು ಪೂರ್ತಿ ಟೈಪ್ ಮಾಡೋದರೊಳಗೆ ಸರ್ಚ್ ಡಬ್ಬಿಯೇ ಎರಡನೇ ಸೀಸನ್ನಿನ ಕೊನೆಯವರೆಗೆ ಬಚ್ಚಿಟ್ಟ ಗುಟ್ಟನ್ನು ಉಗುಳಿಬಿಡುತ್ತದೆ.

ಪ್ರಸಾರದ ದಿನಗಳಲ್ಲಿ ಸಮಯದ ಪಜೀತಿಯೂ ಇತ್ತು. ಜಪಾನಿನ ಟಿವಿಯವರಿಗೆ ದಿನ 24 ಗಂಟೆಗೆ ಮುಗಿಯೋದಿಲ್ಲ. ಸೋಮವಾರ 25:30 ಅಂದರೆ ಮಂಗಳವಾರ ನಸುಕಿನ ಒಂದೂವರೆ. ನಮಗಿಂತ ಅವರು ಮೂರೂವರೆ ಗಂಟೆ ಮುಂದೆ, ಅಂದರೆ ನಮ್ಮ ಲೆಕ್ಕದಲ್ಲಿ ಅದು ಮತ್ತೆ ಸೋಮವಾರವೇ, ರಾತ್ರಿ ಹತ್ತು. ಮಂಗಳವಾರ ರಾತ್ರಿಗೆ ಅಲಾರಂ ಇಟ್ಟವರಿಗೆ ಕಂತೂ ಹಳತು, ಗುಟ್ಟೂ ಬಯಲು. ಈ ಶಾಪದ ಹಿಂದಿನ ಹಳೇ ಕಥೆಯಲ್ಲಿ ಇಲಿ ಬೆಕ್ಕಿಗೆ ದೇವರ ಔತಣದ ತಾರೀಖನ್ನು ಒಂದು ದಿನ ತಪ್ಪಾಗಿ ಹೇಳುತ್ತದಲ್ಲ, ಅಷ್ಟೇ ವ್ಯತ್ಯಾಸ.