ನ್ಯೂಟ್ರಿನೊ ಶೋಧಕ ವಿಕಿರಣ ಸೂಸುವುದಿಲ್ಲ

ಬೆಟ್ಟದೊಳಗೆ, ನ್ಯೂಟ್ರಿನೊ ಎಂಬ ಅತಿ ಸೂಕ್ಷ್ಮ ಕಣಗಳನ್ನು ಗುರುತಿಸುವ ಶೋಧಕ ಕಟ್ಟಿದರೆ ಅದರಿಂದ ಹೊಮ್ಮುವ ಕಿರಣಗಳು ತೋಟಕ್ಕೂ ಜನ, ಜಾನುವಾರುಗಳಿಗೂ ಕೇಡು ತರುತ್ತವೆ ಎಂಬ ಸಂದೇಶ ಮಲೆನಾಡಿನ ವಾಟ್ಸ್ಆಪ್ ಗುಂಪುಗಳಲ್ಲಿ ಆಗಾಗ ತಲೆಯೆತ್ತುತ್ತದೆ. ಎಲೆಚುಕ್ಕೆ ರೋಗಕ್ಕೆ ಅಡಿಕೆ ತೋಟ ಸೊರಗುವುದನ್ನು ಕಂಡವರು ಇದನ್ನೋದಿ ಕಳವಳಗೊಳ್ಳುವುದು ಸಹಜವೇ. ಆದರೆ ಮಾಹಿತಿ ತಪ್ಪು: ಶೋಧಕವು ನ್ಯೂಟ್ರಿನೊಗಳನ್ನು ಉತ್ಪಾದಿಸುವುದಿಲ್ಲ, ಬಂದದ್ದನ್ನು ಗುರುತಿಸುತ್ತದೆ.

ಸೂರ್ಯನಿಂದ ಹೊರಟ ಸುಮಾರು 6,500 ಕೋಟಿ ನ್ಯೂಟ್ರಿನೊಗಳು ಪ್ರತಿ ಸೆಕೆಂಡಿಗೆ ನಮ್ಮ ಮೈಯ ಒಂದೊಂದು ಚದರ ಸೆಂಟಿಮೀಟರನ್ನೂ, ಹಗಲು ರಾತ್ರಿಯೆನ್ನದೆ, ಯಾವ ಬಾಧೆಯನ್ನೂ ಕೊಡದೆ ಹಾದುಹೋಗುತ್ತಿವೆ. ಅವುಗಳಲ್ಲಿ ಅಪರೂಪಕ್ಕೊಂದು ದ್ರವದ ಕಣಕ್ಕೆ ತಾಗಿದಾಗ ಹುಟ್ಟುವ ಕ್ಷೀಣ ಮಿನುಗನ್ನು ಹಿಡಿಯಲೆಂದೇ ಬೃಹತ್ ತೊಟ್ಟಿಯಲ್ಲಿ ಹೀಗೆ ಮಿನುಗುವ ‘ಸಿಂಟಿಲೇಟರ್’ ದ್ರವ ತುಂಬಿ, ಸುತ್ತಲೂ ಬೆಳಕು ಗ್ರಹಿಸುವ ನಳಿಕೆಗಳನ್ನು ಜೋಡಿಸುತ್ತಾರೆ. ಇಂದಿನ ಹಲವು ಶೋಧಕಗಳಲ್ಲಿರುವ ಲೀನಿಯರ್ ಆಲ್ಕೈಲ್‌ಬೆಂಜೀನ್ ಎಂಬ ದ್ರವವು ಬಟ್ಟೆ ತೊಳೆಯುವ ಪುಡಿಯ ತಯಾರಿಕೆಗೂ ಬಳಕೆಯಾಗುವಂಥದ್ದು. ನೆಲದಾಳಕ್ಕೆ ಇಳಿಯುವುದು ಬಾಹ್ಯಾಕಾಶದಿಂದ ಬರುವ ಕಾಸ್ಮಿಕ್ ಕಿರಣಗಳ ಅಡಚಣೆ ತಪ್ಪಿಸಲು. ಸುಮಾರು 1,000 ಟನ್ ದ್ರವವಿದ್ದ ಜಪಾನಿನ ಕಾಮ್‌ಲ್ಯಾಂಡ್ ಶೋಧಕವು 2005ರಲ್ಲಿ, ಭೂಮಿಯೊಳಗಿದ್ದು ಅದಕ್ಕೆ ಶಾಖ ಕೊಡುವ ಯುರೇನಿಯಂ, ಥೋರಿಯಂಗಳಿಂದ ಹೊರಡುವ ಪ್ರತಿನ್ಯೂಟ್ರಿನೊಗಳ (ನ್ಯೂಟ್ರಿನೊಗಳ ಪ್ರತಿಕಣಗಳ) ಮೊದಲ ಸುಳಿವು ಕೊಟ್ಟಿತು. ಕಾಲಿನಡಿಯ ಶಾಖದ ಮೂಲವನ್ನು ಹೀಗೆ ತಿಳಿಯಬಹುದೆಂಬುದು ನಿಜಕ್ಕೂ ದೊಡ್ಡ ಸಂಗತಿ.

ಇಂಥ ಸಂದೇಶ ಬಂದಾಗ ದಿನಾಂಕ, ಸ್ಥಳ, ಮೂಲ ಇವೆಯೇ ನೋಡಿ. ಆ ಉಪಕರಣ ಸೂಸುತ್ತದೆಯೋ ಗ್ರಹಿಸುತ್ತದೆಯೋ ಎಂದು ಹತ್ತಿರದ ಕಾಲೇಜಿನ ಭೌತಶಾಸ್ತ್ರ ಉಪನ್ಯಾಸಕರನ್ನು ಕೇಳಿ. ಸುರಂಗ ತೋಡಿದರೆ ಕಾಡಿಗೆ, ನೀರಿನ ಒರತೆಗೆ ಏನಾದೀತೆಂಬುದು ಬೇರೆಯದೇ ಪ್ರಶ್ನೆ; ಅದನ್ನು ಪರಿಸರ ಪರಿಣಾಮದ ವರದಿ ಮುಂದಿಟ್ಟುಕೊಂಡು ಖಂಡಿತ ಕೇಳಬೇಕು.