ನೂರಕ್ಕೆ ನೂರಿಬ್ಬರು ಮೇಧಾವಿಗಳು

ಸಾಧಾರಣ ಮಗು ಈಗ ಎಲ್ಲೂ ಸಿಗುವುದಿಲ್ಲ. ಬೇಕಾದರೆ ಹುಡುಕಿ ನೋಡಿ. ಬುದ್ಧಿ ಅಳೆಯುವ ಅಂಕ, ಅಂದರೆ ಐಕ್ಯೂ, 130 ದಾಟುವವರು ನೂರಕ್ಕೆ ಇಬ್ಬರು ಇದ್ದರೆ ಹೆಚ್ಚು ಅಂತಾರೆ ತಿಳಿದವರು. ಅಪ್ಪ ಅಮ್ಮಂದಿರ ಲೆಕ್ಕದಲ್ಲಿ ಮಾತ್ರ ನೂರಕ್ಕೆ ನೂರಿಬ್ಬರು, ಇನ್ನೂ ಹುಟ್ಟದ ಇಬ್ಬರನ್ನೂ ಸೇರಿಸಿ.

ಮಗು ಬಾವುಟ ನೋಡಿ ನಾಲ್ಕು ದೇಶಗಳ ಹೆಸರು ಹೇಳಿತೋ, ಮುಗೀತು. ಅವತ್ತು ರಾತ್ರಿಯೇ ಎಕ್ಸೆಲ್ ಶೀಟು ರೆಡಿ. ಮೇಲೆ ದಪ್ಪಕ್ಷರದಲ್ಲಿ 'ಮಗುವಿನ ಗುರಿಗಳು'. ಆರನೇ ವಯಸ್ಸಿಗೆ ಕೋಡಿಂಗ್, ಎಂಟಕ್ಕೆ ಒಲಿಂಪಿಯಾಡ್, ಹದಿನಾಲ್ಕಕ್ಕೆ ಸಂಶೋಧನಾ ಪ್ರಬಂಧ. ಗುರಿ ಇಟ್ಟುಕೊಂಡ ಮಹಾಶಯನಿಗೆ ಇನ್ನೂ ಶೂ ಲೇಸ್ ಕಟ್ಟೋಕೆ ಬರಲ್ಲ, ಆ ಮಾತು ಬೇರೆ. ಕೊನೆಯ ಸಾಲಿನಲ್ಲಿ 'ಆಟ' ಅಂತಲೂ ಇದೆ, ಭಾನುವಾರ 4ರಿಂದ 4.30. ಪಕ್ಕದಲ್ಲೇ ಬ್ರಾಕೆಟ್ಟಿನಲ್ಲಿ 'ಚೆಸ್'.

ಅಸಲಿಗೆ ಈ ಬುದ್ಧಿ ಅಳೆಯುವ ಪರೀಕ್ಷೆಯನ್ನು 1905ರಲ್ಲಿ ಪ್ಯಾರಿಸ್‌ನಲ್ಲಿ ಆಲ್ಫ್ರೆಡ್ ಬಿನೆ ತಯಾರಿಸಿದ್ದು, ಕಲಿಕೆಯಲ್ಲಿ ಹಿಂದೆ ಬಿದ್ದ ಮಕ್ಕಳನ್ನು ಗುರುತಿಸಿ ಕೈಹಿಡಿಯಲಿ ಅಂತ. ಈಗ ಅದು ನೆಂಟರ ಹೊಟ್ಟೆ ಉರಿಸೋಕೆ ಬಳಕೆಯಾಗುತ್ತಿದೆ. 1921ರಲ್ಲಿ ಲೂಯಿಸ್ ಟರ್ಮನ್ ಅನ್ನುವ ಅಮೆರಿಕದ ಮನಶ್ಶಾಸ್ತ್ರಜ್ಞ ಇಂಥದೇ ಪರೀಕ್ಷೆ ಇಟ್ಟು ಕ್ಯಾಲಿಫೋರ್ನಿಯಾದ ಮೇಧಾವಿ ಮಕ್ಕಳನ್ನು ಹೆಕ್ಕಲು ಶುರು ಮಾಡಿದರು, ಸಿಕ್ಕವರು ಸಾವಿರದ ಐನೂರಕ್ಕೂ ಜಾಸ್ತಿ. ಅಂಕ ಸಾಲದೆ ಹೊರಗುಳಿದವರಲ್ಲಿ ವಿಲಿಯಂ ಶಾಕ್ಲಿ, ಲೂಯಿಸ್ ಅಲ್ವರೆಜ್ ಇದ್ದರು. ಶಾಕ್ಲಿಗೆ 1956ರಲ್ಲಿ, ಅಲ್ವರೆಜ್‌ಗೆ 1968ರಲ್ಲಿ ಭೌತಶಾಸ್ತ್ರದ ನೊಬೆಲ್ ಬಂತು. ಆಯ್ಕೆಯಾದ ಜಾಣರಲ್ಲಿ ಒಬ್ಬರಿಗೂ ಬರಲಿಲ್ಲ! ಈ ಕಥೆಯನ್ನು ಯಾವುದಾದರೂ ಅಪ್ಪನಿಗೆ ಹೇಳಿ ನೋಡಿ. ಎಲ್ಲಾ ಗಮನವಿಟ್ಟು ಕೇಳಿ, "ಹೌದಾ? ನೊಬೆಲ್‌ಗೆ ಕೋಚಿಂಗ್ ಎಲ್ಲಿ ಕೊಡ್ತಾರೆ?" ಅಂತಾನೆ.

ಇನ್ನು ಮಗು. ಅದು ಗೋಡೆ ಪಕ್ಕ ಕುಕ್ಕರಗಾಲಲ್ಲಿ ಕೂತು ಇರುವೆ ಸಾಲನ್ನು ನೋಡುತ್ತಿದೆ. ಬೆರಳಿಂದ ದಾರಿ ಒರೆಸಿತು, ಇರುವೆಗಳು ತಬ್ಬಿಬ್ಬಾದವು. "ಅಮ್ಮಾ, ಇವಕ್ಕೆ ದಾರಿ ಹೇಗೆ ಗೊತ್ತಾಗುತ್ತೆ?"

"ಆಮೇಲೆ ಕೇಳು ಕಂದಾ, ಎದ್ದೇಳು. ಕುತೂಹಲ ಬೆಳೆಸೋ ಕ್ಲಾಸಿಗೆ ಲೇಟ್ ಆಗ್ತಿದೆ."

ಫೀಸ್ ಕಟ್ಟಿದ ಕುತೂಹಲಕ್ಕೆ ಬೆಲೆ ಜಾಸ್ತಿ. ಅಲ್ಲಿ ಯಾವ ಪ್ರಶ್ನೆ ಕೇಳಬೇಕು ಅಂತ ಮೊದಲೇ ಹೇಳಿಕೊಡುತ್ತಾರೆ, ಕೊನೆಗೆ ಸರ್ಟಿಫಿಕೇಟೂ ಸಿಗುತ್ತದೆ. ಇರುವೆ ಸರ್ಟಿಫಿಕೇಟ್ ಕೊಡುತ್ತಾ?

ಇಷ್ಟೆಲ್ಲಾ ಮಾಡಿಸಿದವರನ್ನು ಕೇಳಿದರೆ, "ನಾವು ಒತ್ತಡ ಹಾಕೋದೇ ಇಲ್ಲಪ್ಪ, ಎಲ್ಲಾ ಅವನಿಗೇ ಇಷ್ಟ" ಅಂತಾರೆ. ಅವನು ಹಿಂದೆ ನಿಂತು ಹೌದು ಹೌದು ಅಂತ ತಲೆ ಆಡಿಸುತ್ತಾನೆ. ಯಾವಾಗ ಆಡಿಸಬೇಕು ಅಂತ ಅವನಿಗೆ ಚೆನ್ನಾಗಿ ಗೊತ್ತು. ಜಾಣ ಅಲ್ವಾ!